ಹಗ್ಗಕ್ಕೆ ಹಾಡುವ ಕ್ಲೆಮೆನ್ಸಿಯಾ

ಟಾಂಟಿ ಕ್ಲೆಮೆನ್ಸಿಯಾ ಮಾತಾಡಿದರೆ ತಳ ಹಿಡಿದ ಪಾತ್ರೆ ಕೆರೆದ ಹಾಗೆ ಕೇಳುತ್ತದೆ. ಅದೇ ಗಂಟಲಲ್ಲಿ ಹಾಡಿದರೆ ಮರಳಿನಲ್ಲಿ ಕೂತ ದೋಣಿ ಎದ್ದು ಸಮುದ್ರಕ್ಕೆ ಹೋಗುತ್ತದೆ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ ಬಿಡಿ. ನಾನು ಕಡಲ ದಂಡೆಯಲ್ಲಿ ರಮ್ಮು ಮಾರುವವನು, ಕುಡಿದವರ ಕತೆ ಕೇಳಿ ಕೇಳಿ ಯಾವುದನ್ನೂ ಸುಲಭಕ್ಕೆ ನಂಬದವನು. ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನಲು ಬಾಯಿ ಬರುವುದಿಲ್ಲ.

ಕ್ಯಾರಿಯಾಕೂ ದ್ವೀಪದ ನಮ್ಮೂರು ಮಾರ್ಟಲ್ ಬೇಯಲ್ಲಿ ಎಲ್ಲರೂ ಅವಳನ್ನು ಟಾಂಟಿ ಎನ್ನುತ್ತಾರೆ, ಅಂದರೆ ಚಿಕ್ಕಮ್ಮ. ಅವಳಿಗಿಂತ ದೊಡ್ಡವರೂ ಹಾಗೇ ಕರೆಯುವುದು. ಬೆಳಗ್ಗೆ ತೆಂಗಿನತುರಿ ಹಾಕಿದ ಬ್ರೆಡ್ಡು ಸುಟ್ಟು, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಮನೆಮನೆಗೆ ಮಾರುತ್ತಾಳೆ. ಚೌಕಾಸಿ ಮಾಡಿದವರಿಗೆ ಅವರ ಮೂರು ತಲೆಮಾರಿನ ಜಿಪುಣತನವನ್ನು ನೆನಪಿಸುತ್ತಾಳೆ. ದೋಣಿ ಇಳಿಸುವ ದಿನ ಮಾತ್ರ ಅವಳು ಬೇರೆಯೇ ಹೆಂಗಸು.

ನಮ್ಮಲ್ಲಿ ದೋಣಿ ಕಟ್ಟುವುದು ಮರಳ ದಂಡೆಯ ಮೇಲೆ, ಎರಡೂ ಪಕ್ಕಕ್ಕೆ ಆಸರೆಯ ಮರ ಕೊಟ್ಟು. ಕಟ್ಟಿ ಮುಗಿದ ಮೇಲೆ ಒಂದು ಪಕ್ಕದ ಆಸರೆಗಳನ್ನು ಕೊಡಲಿಯಲ್ಲಿ ಕಡಿಯುತ್ತ ದೋಣಿಯನ್ನು ಮೆಲ್ಲಗೆ ಮಗ್ಗುಲಿಗೆ ಮಲಗಿಸುತ್ತಾರೆ. ಆಮೇಲೆ ದುಂಡು ಮರಗಳ ಮೇಲೆ ಉರುಳಿಸುತ್ತ ನೀರಿಗೆ ಎಳೆಯಬೇಕು. ಯಂತ್ರಗಿಂತ್ರ ಏನಿಲ್ಲ, ಹಗ್ಗ ಮತ್ತು ಜನ. ಹಾಡಿಲ್ಲದಿದ್ದರೆ ಒಬ್ಬ ಎಳೆಯುವಾಗ ಇನ್ನೊಬ್ಬ ಬೆವರು ಒರೆಸುತ್ತಿರುತ್ತಾನೆ, ದೋಣಿ ಕದಲುವುದಿಲ್ಲ. ಮೊದಲು ಹಾಡುತ್ತಿದ್ದವನು ಅವಳ ಅಪ್ಪ. ಒಂದು ಸಲ ಅರ್ಧ ದಾರಿಯಲ್ಲಿ ಅವನಿಗೆ ಕೆಮ್ಮು ಹತ್ತಿ ದನಿ ನಿಂತಿತು. ಗುಂಪಿನ ಹಿಂದಿನಿಂದ ಹುಡುಗಿ ಕ್ಲೆಮೆನ್ಸಿಯಾ ಪದ ಎತ್ತಿಕೊಂಡಳು.

“ಹೆಣ್ಣು ಹಾಡಿದ್ರೆ ದೋಣಿ ಅಡುಗೆಮನೆಗೇ ಹೋಗೋದು,” ಎಂದು ಯಾರೋ ಕುಹಕವಾಡಿದರು.

“ಹೋದ್ರೆ ಹೋಗ್ಲಿ, ನಿನಗೆ ಊಟ ಸಿಗೋದೂ ಅಲ್ಲೇ ತಾನೆ? ಎಳಿಯೋ!” ಎಂದಳಂತೆ. ಅವತ್ತಿನಿಂದ ಹಗ್ಗ ಅವಳದಾಯಿತು.

ಇನ್ನು ರಾಜಕೀಯ. ನಮ್ಮ ದೇಶ ಎಷ್ಟು ಚಿಕ್ಕದೆಂದರೆ ಮಂತ್ರಿ ಒಣಗಲು ಹಾಕಿದ ಚಡ್ಡಿ ರಸ್ತೆಗೆ ಕಾಣುತ್ತದೆ. ಚುನಾವಣೆ ಬಂತೆಂದರೆ ಇಷ್ಟಗಲದ ದೇಶ ಹಾಸಿಗೆಯ ನಡುವೆಯೂ ಗಡಿ ಎಳೆಯುತ್ತದೆ. ಟಾಂಟಿಯ ಗಂಡ ಹಾಲಿಸ್ ನೀಲಿ ಪಕ್ಷ. ಅವಳ ತಮ್ಮ ಆಲ್ಬನ್ ಕೆಂಪು ಪಕ್ಷ, ಮತಗಟ್ಟೆಯಲ್ಲಿ ಕೂರುವ ಏಜೆಂಟ್ ಬೇರೆ. ನೀನು ಯಾರಿಗೆ ಹಾಕಿದೆ ಎಂದರೆ ಟಾಂಟಿ, “ನನ್ನ ಬ್ರೆಡ್ಡಿಗೆ ಬಣ್ಣ ಇದೆಯೇನೋ?” ಎಂದು ತಿರುಗಿ ಕೇಳುತ್ತಾಳೆ.

ಕಳೆದ ಚುನಾವಣೆಯಲ್ಲಿ ನೀಲಿಯವರು ಬೆರಳೆಣಿಕೆಯ ಮತಗಳಿಂದ ಗೆದ್ದರು. ಗೆದ್ದವರು ಸೋತ ಪಕ್ಷದ ಶವಯಾತ್ರೆ ಮಾಡುವುದು ನಮ್ಮಲ್ಲಿ ಇರುವ ರೂಢಿ. ಹಗುರ ಹಲಗೆಯ ಪೆಟ್ಟಿಗೆಗೆ ಸೋತವರ ಬಣ್ಣ ಬಳಿದು, ಹೆಗಲ ಮೇಲೆ ಹೊತ್ತು, ಡೋಲು ಬಾರಿಸುತ್ತ, ಸುಳ್ಳು ಅಳು ಅಳುತ್ತ ಊರು ಸುತ್ತುತ್ತಾರೆ. ಸೋತ ಏಜೆಂಟನ ಮನೆಯೆದುರು ಪೆಟ್ಟಿಗೆ ಇಳಿಸಿ ಒಂದು ಕುಣಿತ. ಎಲ್ಲ ಸಲವೂ ನಡೆಯುತ್ತದೆ, ಎಲ್ಲರೂ ನಗುತ್ತಾರೆ. ಈ ಸಲ ಪೆಟ್ಟಿಗೆಯ ಮುಂಭಾಗಕ್ಕೆ ಹೆಗಲು ಕೊಟ್ಟವನು ಹಾಲಿಸ್. ಆಲ್ಬನ್ನನ ಗೇಟಿನಲ್ಲಿ ಇಳಿಸಿದರು, ಕುಣಿದರು. ಒಳಗೆ ಕಿಟಕಿಯ ಪಕ್ಕ ಅಕ್ಕ ತಮ್ಮ ಇಬ್ಬರ ತಾಯಿ ಎಲ್ವೀನಜ್ಜಿ ಕಾಯಿಲೆ ಬಿದ್ದು ಮಲಗಿದ್ದಳು.

ಅಜ್ಜಿ ತಲೆ ಎತ್ತಿ ನೋಡಿ, “ಯಾರು ಹೋದ್ರಪ್ಪಾ?” ಎಂದು ಕೇಳಿದಳು.

ಆ ವಾರವೇ ಅವಳು ತೀರಿಕೊಂಡಳು. ವಯಸ್ಸಾಗಿತ್ತು, ಎದೆ ಸೋತಿತ್ತು, ಡಾಕ್ಟರೂ ಹಾಗೇ ಹೇಳಿದರು. ಆದರೆ ಬದುಕಿರುವವರ ಮನೆಬಾಗಿಲಲ್ಲಿ ಖಾಲಿ ಪೆಟ್ಟಿಗೆ ಇಳಿಸಿದರೆ ಅದು ತುಂಬಿಕೊಂಡೇ ಹೋಗುತ್ತದೆ ಎಂಬ ಮಾತನ್ನು ಯಾರ ಬಾಯಿಂದ ತಡೆಯುತ್ತೀರಿ? ಅಜ್ಜಿ ಮಲಗಿದ್ದಾಳೆಂದು ಗೊತ್ತಿತ್ತು, ಕಿಟಕಿಯಿಂದ ಕಾಣುತ್ತದೆಂದು ಹೊಳೆಯಲಿಲ್ಲ ಎಂದು ಹಾಲಿಸ್ ನನ್ನ ಅಂಗಡಿಯಲ್ಲಿ ಕೂತು ಗಳಗಳ ಅತ್ತ. ಹೆಂಡತಿಯ ಮುಂದೆ ಅಳುವ ಧೈರ್ಯ ಬರಲಿಲ್ಲ. ಟಾಂಟಿ ಮನೆ ಬಿಟ್ಟು ಹೋಗಲಿಲ್ಲ. ಅಡುಗೆ ಮಾಡಿದಳು, ಬಡಿಸಿದಳು, ಅವನ ಅಂಗಿ ಒಗೆದಳು. ಮಾತು ಮಾತ್ರ ಒಂದೂ ಇಲ್ಲ. ತಾಯಿಗಾಗಿ ಅಳಲೂ ಇಲ್ಲ. ಅದನ್ನು ನೋಡಿ ನನಗೆ ಹೆಚ್ಚು ಭಯವಾಗಿತ್ತು.

ಆಗ ಆಲ್ಬನ್ನನ ದೋಣಿ ಮುಗಿಯುವ ಹಂತದಲ್ಲಿತ್ತು. ಹಳೆಯದನ್ನು ಚಂಡಮಾರುತ ಒಡೆದುಹಾಕಿದ ಮೇಲೆ ಅವನು ಕೂಲಿಯವನಾಗಿ ಪರರ ದೋಣಿಯಲ್ಲಿ ಮೀನು ಹಿಡಿಯುತ್ತ, ಬಿಡುವಿನಲ್ಲಿ ಒಂದೊಂದೇ ಹಲಗೆ ಕೂಡಿಸಿ ಕಟ್ಟಿದ್ದು. ಇಳಿಸುವ ದಿನ ನಮ್ಮಲ್ಲಿ ಯಾರನ್ನೂ ಕರೆಯುವುದಿಲ್ಲ. ಶಂಖ ಊದಿದರೆ ಕೇಳಿಸಿಕೊಂಡವರೆಲ್ಲ ಬರಬೇಕು. ಆಲ್ಬನ್ ಶಂಖ ಊದಲಿಲ್ಲ.

“ನನ್ನ ಹಗ್ಗವನ್ನ ನೀಲಿ ಕೈ ಮುಟ್ಟಬಾರ್ದು,” ಎಂದು ಅಂಗಡಿಯ ಹಿಂಬಾಗಿಲಲ್ಲಿ ನಿಂತು ಹೇಳಿದ. ಆ ದಿನಗಳಲ್ಲಿ ಜಗಲಿ ನೀಲಿಯವರದು, ಹಿಂಬಾಗಿಲು ಕೆಂಪಿನವರದು. ನನಗೆ ಎರಡೂ ಕಡೆ ವ್ಯಾಪಾರ.

“ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರಲ್ಲ ಕಣೋ,” ಎಂದೆ.

“ಮೂಗು ನಂದು, ಸಿಲ್ವಾನ್. ನೀನು ರಮ್ಮು ಅಳಿ,” ಎಂದ.

ಹುಣ್ಣಿಮೆಯ ಉಬ್ಬರದ ದಿನ ಕೆಂಪಿನವರೇ ಸೇರಿದರು. ಹೆಂಗಸರು ದೊಡ್ಡ ತಪ್ಪಲೆಗಳಲ್ಲಿ ಜೋಳದ ಹಿಟ್ಟಿನ ಮುದ್ದೆ, ತೊಗರಿಕಾಳು, ಕುರಿ ಸಾರು ಮಾಡಿದ್ದರು. ಪಾದ್ರಿ ನೀರು ಚಿಮುಕಿಸಿ ಹೋದರು. ಆಸರೆ ಕಡಿದು ದೋಣಿ ಮಲಗಿಸಿದ್ದೂ ಆಯಿತು. ಟಾಂಟಿ ಹಗ್ಗದ ತುದಿಯಲ್ಲಿ ನಿಂತು ಹಾಡಿದಳು, ಕೆಂಪಿನವರು ಎಳೆದರು. ಅರ್ಧ ದಾರಿಗೆ ಬಂದು, ಒದ್ದೆ ಮರಳಿನಲ್ಲಿ ದೋಣಿ ಕೂತೇಬಿಟ್ಟಿತು. ಎಳೆದರು, ಬೈದರು, ಮತ್ತೆ ಎಳೆದರು. ಅಂಗೈ ಸುಲಿಯಿತೇ ಹೊರತು ದೋಣಿ ಜಪ್ಪಯ್ಯ ಅಂದರೂ ಕದಲಲಿಲ್ಲ. ಅತ್ತ ಅಲೆ ದೊಡ್ಡದಾಗುತ್ತಿತ್ತು. ಮಗ್ಗುಲಿಗೆ ಮಲಗಿದ ದೋಣಿಗೆ ಅಂಥ ಅಲೆ ಹೊಡೆದರೆ ಹಲಗೆ ಹಲಗೆಯಾಗಿ ಬಿಚ್ಚಿಹೋಗುತ್ತದೆ, ಅದು ಅಲ್ಲಿದ್ದ ಮಕ್ಕಳಿಗೂ ಗೊತ್ತು. ಇತ್ತ ನನ್ನ ಜಗಲಿಯಲ್ಲಿ ನೀಲಿಯವರು ಗ್ಲಾಸು ಮುಟ್ಟದೆ ಕೂತಿದ್ದರು. ಹಾಲಿಸ್ ಕಂಬ ಹಿಡಿದು ನಿಂತಿದ್ದ. ಶಂಖದ ಕರೆಯಿಲ್ಲದೆ ಹೋಗುವಂತಿಲ್ಲ.

ಟಾಂಟಿ ಹಾಡು ನಿಲ್ಲಿಸಿದಳು. ಸೋತಳು ಎಂದುಕೊಂಡೆ. ಅವಳು ಒಂದು ಚೊಂಬು ನೀರು ತೆಗೆದುಕೊಂಡು, ಮರಳಿನ ಮೇಲೆ ಮೂರು ಕಡೆ ಚೆಲ್ಲಿ, ಊರಿನತ್ತ ಮುಖ ಮಾಡಿದಳು.

“ಕ್ರೊಮಾಂಟಿ! ನಿಮ್ಮ ಹಗ್ಗ ಇಲ್ಲಿದೆ!”

ನನ್ನ ಕೈಯಲ್ಲಿದ್ದ ಬಾಟಲಿ ಅಲ್ಲೇ ನಿಂತಿತು. ಅದು ಹಗ್ಗದ ಹಾಡಲ್ಲ, ಸತ್ತವರಿಗೆ ಎಡೆ ಇಟ್ಟು ದೊಡ್ಡ ಡೋಲು ಬಾರಿಸುವಾಗಿನ ಕರೆ. ಅಜ್ಜಂದಿರ ಅಜ್ಜಂದಿರನ್ನು ಸರಪಳಿ ಹಾಕಿ ಹಡಗಿನ ಹೊಟ್ಟೆಯಲ್ಲಿ ಇಲ್ಲಿಗೆ ತಂದಾಗ ಭಾಷೆ ಹೋಯಿತು, ದೇವರು ಹೋದ, ಹೆಸರೂ ಹೋಯಿತು. ಕುಲವನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ; ಕ್ರೊಮಾಂಟಿ ಅಂಥದೊಂದು ಕುಲ. ತಂದೆಯಿಂದ ಮಕ್ಕಳಿಗೆ ಅದು ಬರುತ್ತದೆ. ನಿನ್ನ ಕುಲ ಕೂಗಿದಾಗ ನೀನು ಏಳದಿದ್ದರೆ ನಿನ್ನ ಸತ್ತವರು ಕೂತಲ್ಲೇ ಉಳಿಯುತ್ತಾರೆ. ಯಾವ ಸಂಸತ್ತೂ ಬರೆಯದ, ಯಾವ ಸಂಸತ್ತೂ ಅಳಿಸಲಾರದ ಕಾನೂನು ಅದು.

ಜಗಲಿಯಲ್ಲಿ ನೀಲಿ ಅಂಗಿಯ ಕ್ರೊಮಾಂಟಿಗಳು ಎದ್ದರು. ಟೋಪಿ ತೆಗೆದು ಇಳಿದು ಹೋಗಿ, ಕೆಂಪಿನವರ ನಡುವೆ ಹಗ್ಗ ಹಿಡಿದರು.

ಆಲ್ಬನ್ ಕೊಡಲಿ ಹಿಡಿದೇ ಓಡಿ ಬಂದ. “ಅಕ್ಕಾ! ನೀಲಿ ಬೇಡ ಅಂದಿರ್ಲಿಲ್ವಾ ನಾನು?”

“ನೀಲಿಯವರನ್ನ ಯಾರೋ ಕರೆದ್ರು? ನಮ್ಮಪ್ಪನ ಕುಲ ಕರೆದೆ. ಬೇಡ ಅನ್ನೋ ಧೈರ್ಯ ಇದ್ರೆ ಅಪ್ಪನಿಗೇ ಹೇಳು.”

ಆಲ್ಬನ್ ಕೊಡಲಿ ಇಳಿಸಿ ದಾರಿ ಬಿಟ್ಟ.

“ಮಾಂಡಿಂಗ್!” ಎಂದಳು. ಮತ್ತೊಂದಿಷ್ಟು ಜನ ಇಳಿದರು. “ಟೆಮ್ನೆ!” “ಚಂಬಾ!” ನಾನು ಚಂಬಾ. ಅಂಗಡಿ ತೆರೆದಿತ್ತು, ಗಲ್ಲಾ ತೆರೆದಿತ್ತು, ನನ್ನ ಕಾಲುಗಳು ನನ್ನನ್ನು ಕೇಳದೆ ಮೆಟ್ಟಿಲಿಳಿದವು. ಮೈಮೇಲೆ ರೋಮ ನಿಂತದ್ದು ನಾಚಿಕೆಯಿಲ್ಲದೆ ಹೇಳುತ್ತೇನೆ. ನನ್ನ ಹಿಂದೆ ಯಾರೋ ಬಹಳ ಜನ ನಡೆದು ಬಂದ ಹಾಗಿತ್ತು, ತಿರುಗಿ ನೋಡಲಿಲ್ಲ.

ಎಲ್ಲರೂ ಸೇರಿ ಎಳೆದೆವು. ದೋಣಿ ನರಳಿತು, ಅಲುಗಿತು, ಮತ್ತೆ ಕೂತಿತು. ಇನ್ನೊಂದಿಷ್ಟೇ ಬಲ ಬೇಕಿತ್ತು. ಆಗ ಎಲ್ಲರಿಗೂ ಒಟ್ಟಿಗೇ ಗೊತ್ತಾಯಿತು. ನಮ್ಮೂರ ಕ್ರಮದಲ್ಲಿ ಕ್ರೊಮಾಂಟಿಯ ಬೆನ್ನಿಗೇ ಇಬೊ ಬರಬೇಕು. ಟಾಂಟಿ ಇಬೊ ಕರೆದಿರಲಿಲ್ಲ. ಇಬೊ ಗಂಡಸರು ಮೇಲೆ ಜಗಲಿಯ ಅಂಚಿನಲ್ಲಿ ಸಾಲಾಗಿ ನಿಂತಿದ್ದರು, ಎಲ್ಲರಿಗಿಂತ ಮುಂದೆ ಹಾಲಿಸ್, ಅವನೂ ಇಬೊ.

ಟಾಂಟಿ ಬಾಯಿ ತೆರೆದಳು. ದನಿ ಬರಲಿಲ್ಲ. ಮತ್ತೆ ತೆರೆದಳು. ಕುತ್ತಿಗೆಯ ನರ ಉಬ್ಬಿತು, ಕಣ್ಣು ಕೆಂಪಾಯಿತು. ಎಷ್ಟು ದೋಣಿ ಎಳೆದ ಗಂಟಲು ಅದು! ಒಂದು ಪದಕ್ಕೆ ಸೋತು ನಿಂತಿತ್ತು. ಅಲೆಯೊಂದು ಬಂದು ದೋಣಿಯ ಹೊಟ್ಟೆಗೆ ಬಡಿದು ಸಿಡಿಯಿತು. ಯಾರೂ ಅವಳಿಗೆ ಕರೆ ಎನ್ನಲಿಲ್ಲ. ಅನ್ನುವ ಹಕ್ಕು ಯಾರಿಗಿದೆ?

ಹಕ್ಕಿದ್ದವನು ಒಬ್ಬನೇ. ಆಲ್ಬನ್ ಕೊಡಲಿಯನ್ನು ಮರಳಿಗೆ ಬಿಸಾಕಿ ಅವಳ ಪಕ್ಕಕ್ಕೆ ಬಂದ.

“ಕರಿ, ಅಕ್ಕ,” ಎಂದ. “ದೋಣಿಗಲ್ಲ. ಅಮ್ಮ ಇದ್ದಿದ್ರೆ ಇಷ್ಟೊತ್ತಿಗೆ ಕರೆದಿರೋಳು.”

“ಇಬೊ!”

ಹಾಡಲ್ಲ, ಕೂಗಲ್ಲ. ಅಮ್ಮ ಹೋದಾಗ ಬಾರದ ಅಳು ಆ ಹೆಸರು ಹಿಡಿದುಕೊಂಡು ಹೊರಗೆ ಬಂತು. ಇಬೊಗಳು ಓಡಿ ಬಂದರು. ಹಾಲಿಸ್ ಹಗ್ಗದತ್ತ ಬರಲೇ ಇಲ್ಲ. ನೇರ ನೀರಿಗಿಳಿದು, ದೋಣಿಯ ಕೆಳಗೆ, ಉರುಳಿದರೆ ಜಜ್ಜಿಹೋಗುವ ಜಾಗದಲ್ಲಿ ಹೆಗಲು ಕೊಟ್ಟ. ಟಾಂಟಿ ಅಳುತ್ತಲೇ ಪದ ಎತ್ತಿದಳು, ಊರಿಗೆ ಊರೇ ಅಳುತ್ತಲೇ ಎಳೆಯಿತು. ಮರಗಳು ಉರುಳಿದವು. ದೋಣಿ ಒಮ್ಮೆ ನಡುಗಿ, ಜಾರಿ, ನೀರು ಮುಟ್ಟಿದ್ದೇ ನೆಟ್ಟಗೆ ಎದ್ದು ನಿಂತಿತು. ಜಯಕಾರ ಹಾಕುತ್ತಾರೆ ಎಂದುಕೊಂಡಿರಾ? ಯಾರಿಗೂ ಉಸಿರೇ ಇರಲಿಲ್ಲ. ಅದು ತೇಲುವುದನ್ನು ನೋಡುತ್ತ ಸುಮ್ಮನೆ ನಿಂತೆವು.

ಹಾಲಿಸ್ ಸೊಂಟದ ಮಟ್ಟ ನೀರಿನಲ್ಲಿ ನಿಂತಿದ್ದ, ಹೆಗಲು ತರಚಿ ರಕ್ತ ಬರುತ್ತಿತ್ತು. ಟಾಂಟಿ ಲಂಗ ಎತ್ತಿಕಟ್ಟಿ ನೀರಿಗಿಳಿದು ಹತ್ತಿರ ಹೋದಳು.

“ಕರೆದ್ಯಲ್ಲ,” ಎಂದ ಅವನು. “ಕ್ಷಮಿಸಿದ್ಯಾ ಹಾಗಾದ್ರೆ?”

“ಇಲ್ಲ,” ಎಂದಳು ಟಾಂಟಿ. “ನಾನು ಕರೆದಿದ್ದು ನಿಮ್ಮಜ್ಜಂದಿರನ್ನ. ನೀನು ಅವರ ಹಿಂದೆ ಬಂದೆ, ಅಷ್ಟೇ.” ಅವನ ಹೆಗಲನ್ನು ನೋಡಿದಳು, ತಲೆಯ ವಸ್ತ್ರ ಬಿಚ್ಚಿ ಗಾಯಕ್ಕೆ ಒತ್ತಿ ಹಿಡಿದಳು. “ಮುದ್ದೆ ಆರಿಹೋಗ್ತಾ ಇದೆ. ಬಾ, ಊಟ ಮಾಡು.”

ಚುನಾವಣೆಯ ನಂತರ ಅವಳು ಗಂಡನೊಂದಿಗೆ ಆಡಿದ ಮೊದಲ ಮಾತು ಅದು.