ಟೈಲರಮ್ಮನ ಸವತಿ

ಬೀದಿಯವರ ಬಾಯಲ್ಲಿ ಅವಳು ಟೈಲರಮ್ಮ. ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗ ನಡುಮನೆಯ ಗೋಡೆಯ ತುಂಬ ಒಂದು ಕರಿಹಲಗೆ, ಅದರ ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ಒಂದು ಸಂಖ್ಯೆ. ತನಗೊಬ್ಬಳು ಸವತಿ ಇದ್ದಾಳೆಂದು ಅವತ್ತೇ ತಿಳಿದುಕೊಂಡಳು.

ಗಂಡ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಆ ಸಂಖ್ಯೆ ಅವಿಭಾಜ್ಯವಲ್ಲ, ಚಿಕ್ಕ ಸಂಖ್ಯೆಗಳಾಗಿ ಒಡೆದೇ ಒಡೆಯುತ್ತದೆ ಎಂದು ಅವರು ಹರೆಯದಲ್ಲೇ ಸಾಧಿಸಿದ್ದರು. ಆದರೆ ಯಾವ ಸಂಖ್ಯೆಗಳಾಗಿ ಎನ್ನುವುದು ಆ ಸಾಧನೆಯಿಂದ ತಿಳಿಯುವುದಿಲ್ಲವಂತೆ.

"ಒಡೆಯುತ್ತೆ ಅಂತ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ ಅಂದ್ರೆ ಏನ್ರೀ ಅರ್ಥ?" ಎಂದು ಹೊಲಿಗೆ ಯಂತ್ರದ ಮುಂದೆ ಕೂತು ರೇಗಿಸುತ್ತಿದ್ದಳು.

"ಪೊರೆ ನೋಡಿದ್ರೆ ಮನೇಲಿ ಹಾವಿದೆ ಅಂತ ಗೊತ್ತಾಗಲ್ವೇನೇ? ಹಾವೇ ಕಾಣ್ಬೇಕಾ?"

ಕಂಪ್ಯೂಟರಿಗೆ ಹಾಕಿ ನೋಡುತ್ತೇವೆ ಎಂದು ಹಳೆಯ ವಿದ್ಯಾರ್ಥಿಗಳು ಬಂದರೆ, "ನನ್ನ ತುತ್ತು ನೀವು ಅಗಿದು ಕೊಡ್ತೀರಾ?" ಎಂದು ಗದರಿ ಕಳಿಸುತ್ತಿದ್ದರು. ಬೆಟ್ಟ ಅಗೆದು ಇಲಿ ಹಿಡಿದವರನ್ನು ಕಂಡು ಜನ ನಗುತ್ತಾರೆ. ನಮ್ಮ ಮೇಷ್ಟ್ರಿಗೆ ಇಲಿಯೂ ಸಿಗಲಿಲ್ಲ.

ಮುಪ್ಪಿನ ಜೊತೆ ಮರೆವು ಬಂತು. ಮೊದಲು ಹೆಸರುಗಳು ಹೋದವು, ಆಮೇಲೆ ದಾರಿಗಳು. ಭಾಗಾಕಾರ ಮಾತ್ರ ಕೈಯಲ್ಲಿ ಉಳಿಯಿತು. ಕೊನೆಯ ಅಂಕಿ ನೋಡಿದರೇ ಗೊತ್ತಾಗುವ ಎರಡು, ಐದನ್ನು ಬಿಟ್ಟು, ದಿನಾ ಬೆಳಿಗ್ಗೆ ಮೂರರಿಂದ ಶುರು. ಏಳು, ಹನ್ನೊಂದು, ಹದಿಮೂರು. ನಲವತ್ತು ದಾಟುವ ಹೊತ್ತಿಗೆ ಎಲ್ಲಿದ್ದೆನೆಂದು ಮರೆತು, ಲೆಕ್ಕ ಒರೆಸಿ, ಮತ್ತೆ ಮೂರಕ್ಕೇ ಬರುತ್ತಿದ್ದರು. ಈ ಪುಟಾಣಿಗಳನ್ನೆಲ್ಲ ಅವರು ಹರೆಯದಲ್ಲೇ ಹಾಕಿ ನೋಡಿಯಾಗಿತ್ತು. ಅದು ಅವಳಿಗೆ ನೆನಪಿತ್ತು, ಅವರಿಗಿರಲಿಲ್ಲ. ಇವರು ಒಮ್ಮೆಯಾದರೂ ಗೆಲ್ಲಲಿ, ನನ್ನ ಗುರುತು ಇರುವಾಗಲೇ ಗೆಲ್ಲಲಿ ಎಂಬುದೊಂದೇ ಅವಳ ಆಸೆ.

ಒಂದು ದಿನ ಅವರು ಸ್ನಾನಕ್ಕೆ ಹೋದಾಗ ಧೈರ್ಯ ಮಾಡಿದಳು. ಸವತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿಹಾಕಿದಳು. ಅವರ ಪುಸ್ತಕದ ಕೊನೆಯ ಪುಟದಲ್ಲಿದ್ದ ಅವಿಭಾಜ್ಯ ಸಂಖ್ಯೆಗಳಲ್ಲಿ ೭೯೧೯ನ್ನು ಆರಿಸಿದಳು. ಅವರ ನೆನಪು ನಲವತ್ತರ ಈಚೆಗೇ ನಿಲ್ಲುತ್ತದಲ್ಲ, ಅದಕ್ಕೆ ಅದನ್ನು ೩೭ರಿಂದ ಗುಣಿಸಿದಳು. ಬಂದ ೨೯೩೦೦೩ನ್ನು ಅವರ ಬರಹದಂತೆಯೇ, ಮೂರಕ್ಕೆ ಉದ್ದ ಬಾಲ ಎಳೆದು, ಹಲಗೆಯ ಮೇಲೆ ಬರೆದಳು.

ಮೇಷ್ಟ್ರು ಬಂದು ಹಲಗೆ ನೋಡಿದರು. ಸಿಕ್ಕಿಬಿದ್ದೆ ಎಂದುಕೊಂಡಳು. ಗೋಡೆ ತುಂಬಿದ್ದದ್ದು ಆರು ಅಂಕಿಗೆ ಇಳಿದಿದೆ, ಗೊತ್ತಾಗದೆ ಇರುತ್ತದೆಯೇ! ಅವರು ಸೀಮೆಸುಣ್ಣ ಎತ್ತಿಕೊಂಡರು. ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಮೂರರಲ್ಲಿ ಹೋಗಲ್ಲ, ಎರಡು ಉಳೀತು. ಏಳರಲ್ಲಿ ನಾಲ್ಕು ಉಳೀತು."

ಅವಳು ಯಂತ್ರ ನಿಲ್ಲಿಸಿ, ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಕೂತಳು. ಇಪ್ಪತ್ತೊಂಬತ್ತು ಮುಗಿಯಿತು, ಮೂವತ್ತೊಂದೂ ಮುಗಿಯಿತು. ಮೂವತ್ತೇಳಕ್ಕೆ ಅವರ ಕೈ ನಿಂತಿತು. ಶೇಷ ಸೊನ್ನೆ. ಅವರಿಗೇ ನಂಬಿಕೆ ಬರದೆ ಇನ್ನೊಮ್ಮೆ ಭಾಗಿಸಿದರು. ಆಮೇಲೆ ಆ ಮುಖ ಅರಳಿದ ಪರಿ! ಮದುವೆಯ ಹೊಸತರಲ್ಲಿ ಕಂಡ ಮುಖ ಅದು.

"ಒಡೀತು! ಒಡೀತು!" ಎನ್ನುತ್ತ ಅವಳ ಕಡೆ ತಿರುಗಿದರು. "ಅಮ್ಮಾ, ಸ್ವಲ್ಪ ನಮ್ಮ ಮನೆಯವಳನ್ನ ಕರೀತೀರಾ? ಅವಳಿಗೆ ಹೇಳ್ಬೇಕು."

ಅವಳು ಎದ್ದು ಅಡುಗೆಮನೆಗೆ ಹೋದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ತಿರುಗಿ ಬಾಗಿಲಲ್ಲಿ ಬಂದು ನಿಂತಳು.

"ಬಂದೆ ರೀ. ಏನು, ಹೇಳಿ."

ಮೇಷ್ಟ್ರು ಅವಳ ಹೆಗಲಾಚೆ ಬಾಗಿಲಿನತ್ತ ಇಣುಕಿದರು. "ನೀವೂ ಕೂತ್ಕೊಳ್ಳಿ ಅಮ್ಮಾ. ಅವಳು ಬಂದ್ಬಿಡ್ಲಿ, ಇಬ್ಬರಿಗೂ ಒಟ್ಟಿಗೇ ಹೇಳ್ತೀನಿ."

ಅವಳು ಅವರ ಪಕ್ಕದ ಕುರ್ಚಿಯಲ್ಲಿ ಕೂತಳು. ಇಬ್ಬರೂ ಬಾಗಿಲು ನೋಡುತ್ತ ಅವಳಿಗಾಗಿ ಕಾದರು.