ಮೂಗಿನ ಪಕ್ಕ ಒಂದು ಬೆರಳು

ಚೆನ್ನೈನ ಪೆರುಂಗುಡಿಯ ರಸ್ತೆಗೆ ಐಟಿ ಕಂಪನಿಗಳ ಬಸ್ಸುಗಳು ಇನ್ನೂ ಇಳಿದಿಲ್ಲ. ಅಲ್ಲಿನ ಕಣ್ಣಿನ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ನರ್ಸ್ ವಿನೋದಾ ಅವರ ದನಿ ಮಾತ್ರ ಆಗಲೇ ಏರಿದೆ. ಎದುರಿನ ಕುರ್ಚಿಯಲ್ಲಿ ಹಸಿರು ಟೋಪಿ ತೊಟ್ಟು ಕೂತವರು ಗುಂಡಣ್ಣ ಭಟ್ಟರು, ಅದೇ ರಸ್ತೆಯ ಸಸ್ಯಾಹಾರಿ ಹೋಟೆಲಿನ ಅಡುಗೆಯವರು. ಅವರ ಎಡಗಣ್ಣನ್ನು ಗ್ಲಾಕೋಮಾ ಎಂದೋ ನುಂಗಿ ನೀರು ಕುಡಿದಿದೆ. ಉಳಿದ, ಪೊರೆಯೂ ಬಂದ ಬಲಗಣ್ಣಿಗೆ ಇವತ್ತು ಶಸ್ತ್ರಚಿಕಿತ್ಸೆ. ಆದರೆ ಆ ಕಣ್ಣಿನ ಒತ್ತಡ ಇರಬೇಕಾದ್ದಕ್ಕಿಂತ ಎಷ್ಟೋ ಮೇಲೆ ಹೋಗಿ ಕೂತಿದೆ.

“ನಿನ್ನೆ ಡ್ರಾಪ್ಸ್ ಹಾಕಿದ್ರಾ ಭಟ್ರೇ?”

“ಇಲ್ಲ.”

“ಎಂತಕ್ಕೆ?”

“ನಿನ್ನೆ ಏಕಾದಶಿ ಅಲ್ವಾ ತಂಗಿ.”

ವಿನೋದಾ ಹಣೆ ಹಿಡಿದುಕೊಳ್ಳುತ್ತಾರೆ. ಕಣ್ಣಿಗೆ ಬಿಟ್ಟ ಹನಿ ಮೂಗಿನೊಳಗಿಂದ ಇಳಿದು ಗಂಟಲಿಗೆ ಕಹಿಯಾಗಿ ಬರುತ್ತದೆ. ತೊಟ್ಟು ನೀರೂ ಮುಟ್ಟದೆ ಏಕಾದಶಿ ಮಾಡುವ ಭಟ್ಟರ ಲೆಕ್ಕದಲ್ಲಿ ಅದು ವ್ರತಭಂಗ. ಹಾಗಾಗಿ ಏಕಾದಶಿ ಬಂದಾಗಲೆಲ್ಲ ಅವರು ಕಣ್ಣಿಗೂ ಉಪವಾಸ ಹಾಕಿದ್ದಾರೆ. ಇವತ್ತಿನ ತಾರೀಕನ್ನು ಆರಿಸಿಕೊಂಡವರೂ ಅವರೇ, ದ್ವಾದಶಿ ಒಳ್ಳೆಯ ದಿನವಂತೆ.

“ಮೂಗಿನ ಪಕ್ಕ, ಕಣ್ಣಿನ ಮೂಲೆಯಲ್ಲಿ ಬೆರಳು ಒತ್ತಿ ಹಿಡೀರಿ, ಗಂಟಲಿಗೆ ಇಳಿಯುವುದಿಲ್ಲ ಅಂತ ನಾನು ಹೇಳಿದ್ದೆನಾ ಇಲ್ವಾ?”

“ಹೇಳಿದ್ದಿ. ಸುಮ್ಮನೆ ಸಮಾಧಾನಕ್ಕೆ ಹೇಳುವುದು ಅಂತ ಎಣಿಸಿದೆ.”

ಡಾಕ್ಟರ್ ಪ್ರಮೋದ ಬಂದು ನೋಡುತ್ತಾರೆ. ಇಷ್ಟು ಒತ್ತಡದ ಕಣ್ಣನ್ನು ತೆರೆಯುವುದು ಅಪಾಯ. ಮಧ್ಯಾಹ್ನದೊಳಗೆ ಇಳಿದರೆ ಸರಿ, ಇಲ್ಲವಾದರೆ ಇನ್ನೊಂದು ದಿನ ಎಂದು ಹೇಳಿ ಹೋಗುತ್ತಾರೆ. ಆ ಇನ್ನೊಂದು ದಿನದ ಹಣೆಬರಹ ವಿನೋದಾ ಅವರಿಗೆ ಚೆನ್ನಾಗಿ ಗೊತ್ತು. ಆಪರೇಷನ್ ಟೇಬಲ್ ತನಕ ಬಂದು ವಾಪಸ್ ಹೋದವರು ಅಪಶಕುನ ಎಂದು ಮನೆಯಲ್ಲೇ ಉಳಿಯುತ್ತಾರೆ. ಅಷ್ಟರಲ್ಲಿ ಕಣ್ಣಿನ ನರ ಸದ್ದಿಲ್ಲದೆ ಸಾಯುತ್ತದೆ, ಸತ್ತದ್ದನ್ನು ಯಾವ ಡಾಕ್ಟರೂ ತಂದುಕೊಡಲಾರರು. “ಇವರಿಗೆ ಇರುವುದೇ ಒಂದು ಕಣ್ಣು ಮಾರಾಯ್ರೆ. ನನಗೆ ಸಿಟ್ಟು ಬರದೆ ಮತ್ತೆಂತ ಬರಬೇಕು?” ಎನ್ನುತ್ತಾರೆ ವಿನೋದಾ.

ಶಸ್ತ್ರಚಿಕಿತ್ಸೆಯನ್ನು ರೋಗಿಗಳಿಗೆ ಬಿಡಿಸಿ ಹೇಳುವುದೂ ಇವರ ಪಾಲಿನ ಕೆಲಸ. ಪೊರೆ ಬಂದ ಮಸೂರ ತೆಗೆದು ಹೊಸದನ್ನು ಇಡುತ್ತಾರೆ. ಅದೇ ಸಣ್ಣ ಗಾಯದ ಮೂಲಕವೇ ಕಣ್ಣೊಳಗಿನ ನೀರು ಹರಿದುಹೋಗುವ ದಾರಿಯಲ್ಲಿ ಎಳ್ಳಿಗಿಂತಲೂ ಸಣ್ಣ ಸ್ಟೆಂಟ್ ಎಂಬ ಕೊಳವೆ ಕೂರಿಸುತ್ತಾರೆ. ಕಟ್ಟಿದ ಮೋರಿ ಬಿಡಿಸಿದ ಹಾಗೆ ನೀರು ಇಳಿದು ಒತ್ತಡ ತಗ್ಗುತ್ತದೆ, ಡ್ರಾಪ್ಸ್ ಕಡಿಮೆಯಾಗಬಹುದು. ಕನ್ನಡ, ತಮಿಳು ಎರಡರಲ್ಲೂ ಹೇಳುತ್ತಾರೆ, ಕೇಳುವವರು ತಮಗೆ ಬೇಕಾದದ್ದನ್ನಷ್ಟೇ ಕೇಳಿಸಿಕೊಳ್ಳುತ್ತಾರೆ. ಎಣ್ಣೂರಿನ ಮೀನುಗಾರರೊಬ್ಬರು ಸ್ಟೆಂಟ್ ಎಂದ ಕೂಡಲೇ “ಎನಕ್ಕು ಹಾರ್ಟ್ ನಲ್ಲಾ ಇರುಕ್ಕು”, ನನ್ನ ಹೃದಯ ಚೆನ್ನಾಗಿಯೇ ಇದೆ, ಎಂದು ಎದ್ದು ಹೊರಟೇಬಿಟ್ಟಿದ್ದರು. ಲಿಫ್ಟಿನ ತನಕ ಓಡಿ ಅವರನ್ನು ಕರೆತಂದವರು ಇವರೇ.

ವಿನೋದಾ ಕುಂದಾಪುರ ಕಡೆಯವರ ಮಗಳು. ಅಪ್ಪ ತಿರುವಲ್ಲಿಕೇಣಿಯ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು. ಗಂಡ ಕೃಷ್ಣರಾಜ ಚೆನ್ನೈನ ಉತ್ತರಕ್ಕಿರುವ ಮಣಲಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸದಲ್ಲಿದ್ದಾರೆ. ಹಾಗಾಗಿ ಮನೆ ಊರಿನ ಆ ತುದಿ, ಆಸ್ಪತ್ರೆ ಈ ತುದಿ. ಕತ್ತಲಲ್ಲೇ ಎದ್ದು ಬಸ್ಸು ಹಿಡಿಯಬೇಕು. ಸಂಜೆ ಮನೆ ಸೇರಿದ ಮೇಲೂ ಗದರುವ ದನಿ ಇಳಿಯುವುದಿಲ್ಲ. “ನಾನ್ ಎನ್ನ ಉನ್ ಪೇಷೆಂಟಾ?” ಎಂದು ಮಗಳು ವೀಕ್ಷಾ ತಮಿಳಿನಲ್ಲೇ ಜಗಳಕ್ಕೆ ನಿಲ್ಲುತ್ತಾಳೆ, ನಾನೇನು ನಿನ್ನ ರೋಗಿಯೇ ಎಂದು.

ಭಟ್ಟರ ಕಣ್ಣಿಗೆ ಹನಿ ಬೀಳುತ್ತಲೇ ಇದೆ, ಡಾಕ್ಟರ್ ಹೇಳಿದ ಮಾತ್ರೆಯೂ ಒಳಗೆ ಹೋಗಿದೆ. ಪ್ರತಿ ಹನಿ ಬಿಟ್ಟಾಗಲೂ ವಿನೋದಾ ತಮ್ಮ ಬೆರಳಿನಿಂದಲೇ ಅವರ ಮೂಗಿನ ಪಕ್ಕ ಒತ್ತಿ ನಿಲ್ಲುತ್ತಾರೆ.

“ಗಂಟಲಿಗೆ ಕಹಿ ಬಂತಾ?”

“ಇಲ್ಲ.”

“ಮತ್ತೆ?”

ಭಟ್ಟರು ಮುಂದಿನ ಹನಿಗೆ ಮುಖ ಎತ್ತಿ ಕೊಡುತ್ತಾರೆ. ಊಟದ ಹೊತ್ತಿಗೆ ಒತ್ತಡ ಇಳಿಯುತ್ತದೆ. ಕೊನೆಯ ಕೇಸಾಗಿ ಅವರನ್ನು ಒಳಗೆ ಕರೆದೊಯ್ಯುವ ತನಕ ವಿನೋದಾ ತಮ್ಮ ಬುತ್ತಿ ಬಿಚ್ಚುವುದಿಲ್ಲ.

ಮರುದಿನ ಪಟ್ಟಿ ತೆಗೆದಾಗ ಭಟ್ಟರಿಗೆ ಗೋಡೆಯ ಗಡಿಯಾರದ ಮುಳ್ಳು ಕಾಣಿಸುತ್ತದೆ. ಅವರ ಮೊದಲ ಪ್ರಶ್ನೆ, “ಇನ್ನು ಡ್ರಾಪ್ಸ್ ಬೇಡ ಅಲ್ವಾ?” ವಿನೋದಾ ಸೀಲಿಂಗ್ ನೋಡುತ್ತಾರೆ. “ಈಗ ಬೇಕು. ಮುಂದೆ ಎಷ್ಟು ಅಂತ ಡಾಕ್ಟ್ರು ಹೇಳ್ತಾರೆ. ಏಕಾದಶಿಗೂ ಬೇಕು.”

ನಿಮ್ಮ ಆಸೆಯೇನು ಎಂದು ಕೇಳಿದರೆ ವಿನೋದಾ ಯೋಚಿಸುವುದೇ ಇಲ್ಲ. “ಎಂತ ಆಸೆ? ಒಬ್ಬರಾದರೂ ನಾನು ಬಯ್ಯದೆ ಬೆರಳು ಒತ್ತಿಕೊಂಡ್ರೆ ಸಾಕು.”

ಇನ್ನೊಂದು ಏಕಾದಶಿ ಕಳೆದು ಭಟ್ಟರು ತಪಾಸಣೆಗೆ ಬಂದಿದ್ದಾರೆ. ಒತ್ತಡ ಹದವಾಗಿದೆ. ಕಾಯುವ ಹಾಲಿನಲ್ಲಿ ಡ್ರಾಪ್ಸ್ ಹಾಕಿಸಿಕೊಂಡು ಕೈಕಟ್ಟಿ ಕೂತ ಪಕ್ಕದವರ ಮೂಗಿನ ಪಕ್ಕ ಅವರೇ ಬೆರಳಿಟ್ಟು, ಹರಕು ತಮಿಳಿನಲ್ಲಿ ಗದರುತ್ತಿದ್ದಾರೆ. ಇರುವುದು ಎಷ್ಟು ಕಣ್ಣು, ಹೇಳಿದ್ದು ಕಿವಿಗೆ ಬೀಳುವುದಿಲ್ಲವೇ, ಒಂದು ನಿಮಿಷ ಒತ್ತಿ ಹಿಡಿಯಲು ಏನು ಕಷ್ಟ ಎಂದು.

ಬಾಗಿಲಲ್ಲಿ ನಿಂತ ವಿನೋದಾ ಹಲ್ಲು ಕಚ್ಚುತ್ತಾರೆ. “ಒಂದಲ್ಲ, ಎರಡು ನಿಮಿಷ. ಎಷ್ಟು ಸಲ ಹೇಳುವುದು ಇವರಿಗೆ.” ತಿದ್ದಲು ಹೊರಟವರು ಹೆಜ್ಜೆ ತಡೆದು, ಇನ್ನೂ ಸ್ವಲ್ಪ ಹೊತ್ತು ಕೇಳುತ್ತಾರೆ.

“ಬಯ್ಯುವುದು ಮಾತ್ರ ಸರಿಯಾಗಿ ಕಲ್ತಿದ್ದಾರೆ.”