ಕೆರೆದಂಡೆಯ ಕಮಾನಿನ ಮೇಲೆ ಕೌದಿಗಳು

ಈಗ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಕಟ್ಟಿಕೊಂಡದ್ದು ಎಂದು ಖಚಿತವಾಗಿ ಹೇಳಲಾರೆ. ಹೋದ ವಾರ ಮನೆಯ ಮಾಳಿಗೆಯ ಮೇಲೆ ಒದ್ದೆ ಕೌದಿಯೊಂದು ಒಣಗುತ್ತಿತ್ತು. ಹಳೆಯ ಸೀರೆಗಳ ಪದರು ಪದರಿನಿಂದ ಏಳುವ ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ, ರಾಯಚೂರಿನ ನಮ್ಮ ಪಕ್ಕದ ಮನೆಯ ಚಿಗವ್ವ ಕಣ್ಣ ಮುಂದೆ ಬಂದು ನಿಂತಳು.

ಅವಳು ನಮಗೆ ಬಳಗವೇನಲ್ಲ. ಗಬ್ಬೂರಿನಿಂದ ಕೂಲಿಗೆ ಬಂದ ಮನೆತನ. ಗಂಡ ತೀರಿಕೊಂಡ ಮೇಲೆ ರೈಸ್ ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಳು. ಓಣಿಯವರೆಲ್ಲ ಚಿಗವ್ವ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ.

ಕೆರೆಯ ದಂಡೆಗೆ ನಿಜಾಮರ ಕಾಲದ ಒಂದು ಮುಸಾಫಿರಖಾನೆ ಇತ್ತು. ಸಾಲು ಕಮಾನು, ನೀರಿಗಿಳಿಯುವ ಕಲ್ಲಿನ ಮೆಟ್ಟಿಲು. ದಾರಿಹೋಕರು ಅಲ್ಲಿ ಉಳಿಯುವುದು ನಿಂತು ಎಷ್ಟೋ ಕಾಲವಾಗಿ, ಗೋಡೆಯಲ್ಲಿ ಆಲದ ಸಸಿ ಬೇರುಬಿಟ್ಟಿತ್ತು. ಎಪ್ಪತ್ತರ ದಶಕದ ಕೊನೆಯಿರಬೇಕು, ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದಿದ್ದೆ. ಆ ಕಟ್ಟಡ ಕೆಡವಿ ಗೋದಾಮು ಕಟ್ಟಲು ಜಾಗ ಕೊಡಿ ಎಂದು ಮಿಲ್ಲಿನ ಸಾವುಕಾರರು ಸರಕಾರವನ್ನು ಕೇಳಿದ್ದರು. ಚಿಗವ್ವ ದುಡಿಯುತ್ತಿದ್ದದ್ದು ಅವರ ಮಿಲ್ಲಿನಲ್ಲೇ. ನಮ್ಮಂಥ ಓದಿದವರದು ಇನ್ನೊಂದು ಹಟ: ಸುತ್ತ ಗೋಡೆ ಕಟ್ಟಿ, ಬೀಗ ಹಾಕಿ, ವಸ್ತುಸಂಗ್ರಹಾಲಯ ಮಾಡಬೇಕು.

ಒಂದು ಸಂಜೆ ಆ ಕಮಾನುಗಳ ಕೆಳಗೇ ಸಭೆ ಸೇರಿತು. ನಾನು ಚರಿತ್ರೆ, ಪರಂಪರೆ ಎಂದು ಏನೇನೋ ಮಾತಾಡಿದೆ. ಹೆಂಗಸರ ಗುಂಪಿನಿಂದ ಚಿಗವ್ವ ಎದ್ದು ನಿಂತಳು.

"ತಮ್ಮಾ, ಭಾಳ ಛಂದ ಮಾತಾಡಿದಿ. ನೀ ಬೀಗ ಹಾಕಿದ ಮ್ಯಾಲ ನಿಮ್ಮವ್ವ ನಿನ್ನ ಅಂಗಿ ಎಲ್ಲಿ ಒಗೀಬೇಕಪಾ?"

ಎಲ್ಲರೂ ನಕ್ಕರು. ಸಾವುಕಾರರು ಮಾತ್ರ ಗದರಿದರು: "ಏ, ಇದು ಪಾಳು ಬಿದ್ದ ಕಟ್ಟಡ. ಯಾರೂ ಬಳಸಂಗಿಲ್ಲ. ನೀ ಸುಮ್ನ ಕೂಡು. ನಾಳಿ ಮಿಲ್ಲಿಗೆ ಬರಾಕಿ ಹೌದಿಲ್ಲೋ?"

"ಬರಾಕಿನ ರೀ ಸಾವ್ಕಾರ್ರ. ಆದ್ರ ನಾವು ದಿನಾ ಇಲ್ಲಿ ಬರತೀವಲ್ಲ, ನಾವು ಯಾರೂ ಅಲ್ಲೇನ್ರಿ?"

ಯಾರೂ ನಗಲಿಲ್ಲ. ಆ ಕೂಲಿ ತಪ್ಪಿದರೆ ಮಕ್ಕಳು ಶಾಲೆ ಬಿಡಬೇಕಾದೀತೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಕಟ್ಟಡ ಬಳಕೆಯಲ್ಲಿ ಇದೆಯೋ ಇಲ್ಲವೋ ಎಂದು ನೋಡಲು ಒಬ್ಬ ಅಧಿಕಾರಿ ಬರುವುದಾಯಿತು. ಬಳಕೆಯಲ್ಲಿಲ್ಲ ಎಂದು ಅವರು ಬರೆದರಷ್ಟೇ ಜಾಗ ಸಾವುಕಾರರಿಗೋ ನಮಗೋ ಸಿಗುವಂತಿತ್ತು. ಅವರು ಆರಿಸಿದ್ದು ದಸರೆಯ ಹಿಂದಿನ ವಾರ. ನಮ್ಮ ಕಡೆ ಹಬ್ಬಕ್ಕೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ನೀರು ಕಾಣಲೇಬೇಕು. ಚಿಗವ್ವ ಓಣಿ ಓಣಿ ತಿರುಗಿ, ಎಲ್ಲರೂ ಒಂದೇ ದಿನ ಒಗೆಯೋಣ ಎಂದು ಗೊತ್ತುಮಾಡಿದಳು. ಅಧಿಕಾರಿ ಬಂದಾಗ ಕಮಾನು ಕಮಾನಿಗೂ ಕೌದಿ ಇಳಿಬಿದ್ದು ತೊಟ್ಟಿಕ್ಕುತ್ತಿತ್ತು... ನನ್ನ ನೆನಪಿನಲ್ಲಿ ಒಂದು ಕಮಾನೂ ಖಾಲಿ ಇಲ್ಲ. ಅಂದು ಜೊತೆಗಿದ್ದ ಗೆಳೆಯ, "ಅರ್ಧಕ್ಕರ್ಧ ಖಾಲಿ ಇದ್ವಲೇ" ಎನ್ನುತ್ತಾನೆ.

"ಏನಿದು?" ಎಂದರು ಅಧಿಕಾರಿ, ಹನಿ ತಪ್ಪಿಸಿಕೊಳ್ಳುತ್ತ.

"ಹಬ್ಬ ಬಂತಲ್ರೀ ಸಾಹೇಬ್ರ, ಹಾಸಿಗಿ ಒಗಿಯಾಕತ್ತೀವಿ. ಛಲೋ ವ್ಯಾಳ್ಯಾಕ್ಕ ಬಂದ್ರಿ. ಆ ತುದಿ ಹಿಡೀರಿ, ಹಿಂಡೂಣು," ಎಂದಳು ಚಿಗವ್ವ.

ಒದ್ದೆ ಕೌದಿ ಹಿಂಡಲು ಇಬ್ಬರು ಬೇಕು. ಅವರು ತುದಿ ಹಿಡಿದರೇ? ಪ್ಯಾಂಟು ತೋಯಿಸಿಕೊಂಡು ಹಿಂಡುತ್ತಿದ್ದದ್ದು ನನಗೆ ಕಾಣುತ್ತದೆ. ಹಾಗೆ ಕಾಣುವುದರಿಂದಲೇ ಅನುಮಾನ... ಅಂತೂ 'ಬಳಕೆಯಲ್ಲಿಲ್ಲ' ಎಂದು ಅವರಿಗೆ ಬರೆಯಲಾಗಲಿಲ್ಲ. ಗೋದಾಮೂ ಏಳಲಿಲ್ಲ, ನಮ್ಮ ಗೋಡೆಯೂ ಏಳಲಿಲ್ಲ.

ಮರುದಿನ ಚಿಗವ್ವ ಎಂದಿನಂತೆ ಬುತ್ತಿ ಕಟ್ಟಿಕೊಂಡು ಮಿಲ್ಲಿಗೆ ಹೊರಟಳು. ಬಾಗಿಲಲ್ಲೇ ತಡೆಯುತ್ತಾರೆಂದು ನಾವೆಲ್ಲ ಅಂದುಕೊಂಡಿದ್ದೆವು. ತಡೆಯಲಿಲ್ಲ. ಹಿರಿಮಗಳು ಟೀಚರ್ ಆಗುವವರೆಗೂ ಅವಳು ಅಲ್ಲೇ ದುಡಿದಳು. ಸಾವುಕಾರರದು ದೊಡ್ಡ ಮನಸ್ಸು ಎಂದರು ಕೆಲವರು. ನಾನು ನಂಬಲಿಲ್ಲ, ಬೇರೆ ಕಾರಣವೂ ಹೊಳೆಯಲಿಲ್ಲ.

ಚಿಗವ್ವ ಈಗಿಲ್ಲ. ಅವಳು ಹೋದಾಗ ನಾನು ಪರವೂರಿನಲ್ಲಿದ್ದೆ. ಮನೆಮನೆಗೆ ನಲ್ಲಿ ಬಂದು ಮೆಟ್ಟಿಲುಗಳಿಗೆ ಪಾಚಿ ಹಿಡಿದಿದೆ. ಕಟ್ಟಡದ ಒಂದು ಮಗ್ಗುಲು ಕುಸಿದಿದೆ. ಅಲ್ಲಿ ನಿಂತು ಜಗಳವಾಡುವವರೂ ಇಲ್ಲ.

ಮೊನ್ನೆ ಮಾನ್ವಿಯ ಒಂದು ಮದುವೆಯಲ್ಲಿ ಸಾವುಕಾರರ ಹೆಂಡತಿ ಸಿಕ್ಕರು, ಹಣ್ಣು ಮುದುಕಿ. ಆ ದಿನದ ಮಾತು ತೆಗೆದೆ.

"ನಡುವಿನ ಕಮಾನಿನ ಮ್ಯಾಲಿನ ಕೌದಿ ನಮ್ಮ ಮನೀದಪಾ," ಎಂದರು. "ಆಕಿ ಬಂದು ಕೇಳಿದ್ಲು, ಕೊಟ್ಟೆ. ನಮ್ಮನಿಯವ್ರು ರಾತ್ರಿ ಉಣ್ಣಲಿಲ್ಲ. ಆಕಿನ್ನ ಕೆಲಸ ಬಿಡಸ್ತೀನಿ ಅಂದ್ರು. ಕೌದಿ ಕೊಟ್ಟಾಕಿ ನಾನು, ಮೊದಲು ನನ್ನ ಬಿಡಸ್ರಿ ಅಂದೆ."

ಮುದುಕರ ನೆನಪನ್ನೂ ನಾನು ಸುಲಭಕ್ಕೆ ನಂಬುವವನಲ್ಲ. ಪಕ್ಕದಲ್ಲಿದ್ದ ಅವರ ಮಗನನ್ನು ಕೇಳಿದೆ.

"ಖರೇನ ರೀ. ನಾ ಅಲ್ಲೇ ಊಟಕ್ಕ ಕುಂತಿದ್ದೆ," ಎಂದರು ಅವರು.